ಹೆರಿಗೆಗೆ ಸ್ವಸಮ್ಮೋಹನ: ಏಳನೇ ತಿಂಗಳಿಂದ ಲೇಬರ್ ವಾರ್ಡಿನವರೆಗೆ

ಸ್ವಸಮ್ಮೋಹನದ ಹೆರಿಗೆ ಎಂದು ಮೊಬೈಲಿನಲ್ಲಿ ಹುಡುಕಿದರೆ ಸಿಗುವ ವಿಡಿಯೊಗಳಲ್ಲೆಲ್ಲ ಮಂದ ಬೆಳಕು, ಮೆಲು ಸಂಗೀತ, ಬೆಚ್ಚನೆಯ ನೀರಿನ ತೊಟ್ಟಿ. ಕೊಡಗಿನಲ್ಲಿ ಹೆರುವ ಹೆಚ್ಚಿನವರಿಗೆ ಸಿಗುವುದು ಟ್ಯೂಬ್‌ಲೈಟು, ಪಕ್ಕದ ಮಂಚದವರ ಕೂಗು, ಟ್ರಾಲಿಯ ಗಡಗಡ. ಅದಕ್ಕೂ ಮೊದಲು ತಿರುವು ತಿರುವಿನ ರಸ್ತೆಯಲ್ಲಿ ಒಂದು ಗಂಟೆಯ ಪ್ರಯಾಣ. ನಿಶ್ಶಬ್ದ ಕೋಣೆಯಲ್ಲಿ ಮಾತ್ರ ಕಲಿತ ಸಡಿಲಿಕೆ ಅಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ. ಹಾಗಾಗಿ ಈ ಅಭ್ಯಾಸ ನಿಶ್ಶಬ್ದದಲ್ಲಿ ಶುರುವಾದರೂ ಗದ್ದಲದಲ್ಲೇ ಮುಗಿಯಬೇಕು. ಕೆಳಗಿನ ಹಂತಗಳನ್ನು ಹಾಗೆಯೇ ಜೋಡಿಸಿದ್ದೇವೆ.

ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ವೇದಿಕೆಯ ಮೇಲೆ ಜಾದೂಗಾರ ಮಾಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸ್ವಸಮ್ಮೋಹನದಲ್ಲಿ ಎಚ್ಚರ ತಪ್ಪುವುದಿಲ್ಲ, ಯಾರ ವಶಕ್ಕೂ ಹೋಗುವುದಿಲ್ಲ, ಬೇಕೆಂದ ಕ್ಷಣ ಕಣ್ಣು ಬಿಡಬಹುದು. ಗಮನವನ್ನು ಒಂದೇ ಕಡೆ ನಿಲ್ಲಿಸಿ, ಆ ಸ್ಥಿತಿಯಲ್ಲಿ ಮೈಗೆ ಕೆಲವು ಸೂಚನೆಗಳನ್ನು ಪದೇ ಪದೇ ಕೊಟ್ಟು ರೂಢಿ ಮಾಡಿಸುವುದಷ್ಟೇ. ಮನೆಯ ಹಿರಿಯರು ಇದು ವಶೀಕರಣವೋ ಎಂದು ಅನುಮಾನಪಟ್ಟರೆ ಒಮ್ಮೆ ಜೊತೆಯಲ್ಲಿ ಕೂರಿಸಿಕೊಂಡು ಮಾಡಿ ತೋರಿಸಿ. ವಾದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಬ್ರಿಟಿಷ್ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಇದರ ತಿರುಳನ್ನು ಹೇಳಿದ್ದರು: ಭಯದಿಂದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚು, ಹೆಚ್ಚಿದ ನೋವು ಇನ್ನಷ್ಟು ಭಯ ತರುತ್ತದೆ. ಹೆದರಿದಾಗ ಏರುವ ಅಡ್ರಿನಾಲಿನ್, ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್‌ನ ಕೆಲಸಕ್ಕೆ ಅಡ್ಡ ಬರಬಲ್ಲದು. ಉದ್ದನೆಯ ನಿಶ್ವಾಸ, ಸಡಿಲ ದವಡೆ, ಇಳಿದ ಭುಜ ಈ ಚಕ್ರವನ್ನು ಮುರಿಯುವ ಸಾಧನಗಳು.

ನೋವೇ ಇರುವುದಿಲ್ಲ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ವಿಮರ್ಶೆಯ ಪ್ರಕಾರ ಸಮ್ಮೋಹನ ಕಲಿತವರು ನೋವಿನ ಔಷಧಿಯನ್ನು ಒಟ್ಟಾರೆ ಸ್ವಲ್ಪ ಕಡಿಮೆ ಬಳಸಿದ್ದಾರೆ. ಆದರೆ ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಮದ್ದು) ಬಳಕೆಯಲ್ಲಿ ಸ್ಪಷ್ಟ ವ್ಯತ್ಯಾಸ ಕಂಡಿಲ್ಲ. 2015ರಲ್ಲಿ ಪ್ರಕಟವಾದ, 680 ಮಹಿಳೆಯರಿದ್ದ ಬ್ರಿಟನ್ನಿನ ಪ್ರಯೋಗದಲ್ಲೂ ಎಪಿಡ್ಯೂರಲ್ ಕಡಿಮೆಯಾಗಲಿಲ್ಲ. ಹೆರಿಗೆಯ ಬಗ್ಗೆ ಮೊದಲೇ ಇಟ್ಟುಕೊಂಡಿದ್ದ ಭಯಕ್ಕೆ ಹೋಲಿಸಿದರೆ ಅನುಭವಿಸಿದ ಭಯ, ಆತಂಕ ಕಡಿಮೆ ಎಂದು ಕಲಿತವರು ಹೇಳಿದರು. ನಿರೀಕ್ಷೆ ಅಷ್ಟರಲ್ಲಿದ್ದರೆ ಮೋಸವಾಗುವುದಿಲ್ಲ.

ಮೂರ್ಛೆ ರೋಗ, ಬೈಪೋಲಾರ್, ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಇದ್ದವರು, ಹಿಂದೆ ದೌರ್ಜನ್ಯಕ್ಕೆ ಒಳಗಾಗಿ ಕಣ್ಣು ಮುಚ್ಚಿದರೆ ಆ ನೆನಪು ನುಗ್ಗುವವರು ಆಳದ ಅಭ್ಯಾಸಕ್ಕೆ ಮೊದಲು ವೈದ್ಯರನ್ನು ಕೇಳಬೇಕು. ಉಳಿದವರು ಉಸಿರಿನ ಅಭ್ಯಾಸ ಮಾಡಬಹುದು. ಆದರೆ ಬಿಪಿ, ರಕ್ತಹೀನತೆ, ಹಿಂದಿನ ಸಿಸೇರಿಯನ್, ಮಾಸು ಕೆಳಗಿರುವುದು ಇಂಥದ್ದು ತಾಯಿ ಕಾರ್ಡಿನಲ್ಲಿ ಬರೆದಿದ್ದರೆ, ಎಷ್ಟು ಅಭ್ಯಾಸ ಮಾಡಿದ್ದರೂ ಎಲ್ಲಿ ಹೆರಬೇಕು ಎಂಬ ವೈದ್ಯರ ಮಾತು ಬದಲಾಗುವುದಿಲ್ಲ.

28ನೇ ವಾರದಿಂದ: ಮಗ್ಗುಲು ಮತ್ತು ಉಸಿರು

ಬೆನ್ನ ಮೇಲೆ ಅಂಗಾತ ಮಲಗಿ ಮಾಡಬೇಡಿ. ಈ ಹೊತ್ತಿಗೆ ಗರ್ಭಕೋಶದ ಭಾರ ಹಿಂದಿನ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಎಡ ಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಚಿದ ಟವಲು. ಒರಗಿ ಕೂರುವುದೂ ಸರಿ.

ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಸಡಿಲ ತುಟಿಯಿಂದ ಆರು ಎಣಿಸುವಷ್ಟು ಹೊತ್ತು ಹೊರಗೆ. ನಡುವೆ ತಡೆದು ಹಿಡಿಯುವುದು ಬೇಡ. ನಿದ್ದೆಗೆ ಹೇಳಿಕೊಡುವ, ಉಸಿರು ಹಿಡಿಯುವ ಪ್ರಾಣಾಯಾಮ ಇಲ್ಲಿಗೆ ಹೊಂದುವುದಿಲ್ಲ. ಬೆಳಿಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ ಸಾಕು.

ಒಂದು ಸಣ್ಣ ಲೆಕ್ಕ ಇಟ್ಟುಕೊಳ್ಳಿ. ನಾಲ್ಕು ಮತ್ತು ಆರು ಸೇರಿದರೆ ಒಂದು ಉಸಿರಿಗೆ ಹತ್ತು ಸೆಕೆಂಡು. ಜೋರಾದ ಬೇನೆ ಸಾಮಾನ್ಯವಾಗಿ 45ರಿಂದ 60 ಸೆಕೆಂಡು ಇರುತ್ತದೆ. ಅಂದರೆ ಒಂದು ಬೇನೆಗೆ ಆರು ಉಸಿರು. ಮೊದಲ ಎರಡರಲ್ಲಿ ಏರುತ್ತದೆ, ಮೂರು ನಾಲ್ಕರಲ್ಲಿ ತುದಿ ಮುಟ್ಟುತ್ತದೆ, ಐದು ಆರರಲ್ಲಿ ಇಳಿಯುತ್ತದೆ. ಹೆರಿಗೆ ಎಷ್ಟು ಹೊತ್ತು ಎಂದು ಯೋಚಿಸಿದರೆ ಎದೆ ಒಡೆಯುತ್ತದೆ. ಆರು ಉಸಿರು ಎಣಿಸುವುದು ಯಾರಿಗಾದರೂ ಸಾಧ್ಯ.

ಬೆರಳ ತುದಿ, ತುಟಿಯ ಸುತ್ತ ಜುಮುಜುಮು ಅಂದರೆ, ತಲೆ ಹಗುರಾದರೆ ಉಸಿರು ತುಂಬ ವೇಗವಾಗಿದೆ ಅಥವಾ ತುಂಬ ಆಳವಾಗಿದೆ ಎಂದರ್ಥ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋದಾಗ ಹೀಗಾಗುತ್ತದೆ. ಒಳಗೆಳೆಯುವುದನ್ನು ಚಿಕ್ಕದು ಮಾಡಿ, ಬಿಡುವುದನ್ನು ನಿಧಾನ ಮಾಡಿ. ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಹೆರಿಗೆಯ ದಿನ ಗಾಬರಿಯಾದವರಿಗೆ ಆಗುವುದೂ ಇದೇ, ಮದ್ದೂ ಇದೇ.

30ನೇ ವಾರದಿಂದ: ಬಿಗಿದು ಬಿಡುವುದು

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 20ನೇ ಶತಮಾನದ ಮೊದಲ ಭಾಗದಲ್ಲಿ ರೂಪಿಸಿದ ಕ್ರಮ ಇದು. ಐದು ಸೆಕೆಂಡು ಬಿಗಿ, ಹದಿನೈದು ಸೆಕೆಂಡು ಸಡಿಲ. ಸಡಿಲಿಸುವ ಸಮಯ ಮೂರು ಪಟ್ಟು ಇರಲೇಬೇಕು, ಅವಸರದಲ್ಲಿ ಕತ್ತರಿಸುವುದು ಇದನ್ನೇ.

ಕ್ರಮ ಹೀಗೆ: ಮುಷ್ಟಿ, ತೋಳು, ಕಿವಿಯವರೆಗೆ ಎತ್ತಿದ ಭುಜ, ಹಣೆ, ದವಡೆ, ಪೃಷ್ಠ, ತೊಡೆ, ಪಾದ. ಹೊಟ್ಟೆಯನ್ನು ಬಿಗಿಯಬೇಡಿ. ಪಾದದ ಬೆರಳನ್ನು ಮುಂದಕ್ಕೆ ಚಾಚಿದರೆ ಬಸುರಿಯರಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಬೆರಳನ್ನು ಮೊಣಕಾಲಿನ ಕಡೆಗೆ ಎಳೆದುಕೊಳ್ಳಿ. ಕೊನೆಗೆ ಮೂತ್ರ ತಡೆಯುವಾಗ ಬಿಗಿಯುವ ಸ್ನಾಯು: ಮೆಲ್ಲಗೆ ಒಮ್ಮೆ ಬಿಗಿದು, ಪೂರ್ತಿ ಬಿಟ್ಟು, ಬಿಟ್ಟ ಹಾಗೆಯೇ ಮೂರು ಉಸಿರು ಇರಿ. ಮಗು ಬರುವ ದಾರಿಯಲ್ಲಿರುವುದು ಇದೇ ಸ್ನಾಯು. ಬಿಗಿಯುವುದನ್ನು ಎಲ್ಲರೂ ಕಲಿಸುತ್ತಾರೆ, ಬಿಡುವುದನ್ನು ಕಲಿಸುವವರು ಕಡಿಮೆ.

ಎರಡು ವಾರ ಕಳೆದ ಮೇಲೆ ಬಿಗಿಯುವ ಭಾಗ ಬಿಟ್ಟುಬಿಡಿ. ಒಂದು ನಿಶ್ವಾಸಕ್ಕೆ ಒಂದು ಭಾಗ ಎಂಬಂತೆ ನೇರವಾಗಿ ಸಡಿಲಿಸಿ.

32ನೇ ವಾರದಿಂದ: ರೆಕಾರ್ಡಿಂಗ್

ಬೇರೆಯವರ ಧ್ವನಿಯ ಆ್ಯಪ್‌ಗಳಿಗಿಂತ ನಿಮ್ಮ ಅಮ್ಮ, ಅಕ್ಕ, ಗಂಡ ಅಥವಾ ನೀವೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಒಳ್ಳೆಯದು. ಭಾಷೆ ಮನೆಯದ್ದಾಗಿರಲಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ, ಕನ್ನಡ, ಯಾವುದರಲ್ಲಿ ನೀವು ಸಿಟ್ಟು ಬಂದಾಗ ಬೈಯುತ್ತೀರೋ ಅದರಲ್ಲಿ. ನೋವಿನ ಹೊತ್ತಿಗೆ ಪುಸ್ತಕದ ಕನ್ನಡ ಕಿವಿಗೆ ಇಳಿಯುವುದಿಲ್ಲ.

ಒಟ್ಟು ಹನ್ನೆರಡರಿಂದ ಹದಿನೈದು ನಿಮಿಷ. ಓದುವವರು ಪ್ರತಿ ವಾಕ್ಯದ ಕೊನೆಗೆ ತಾವೂ ಒಂದು ಪೂರ್ತಿ ಉಸಿರು ತೆಗೆದುಕೊಂಡರೆ ವೇಗ ತಾನಾಗಿ ಸರಿಯಾಗುತ್ತದೆ. ಮೊದಲ ರೆಕಾರ್ಡಿಂಗ್ ಬಹುಪಾಲು ತುಂಬ ಅವಸರದ್ದಾಗಿರುತ್ತದೆ, ಅದನ್ನು ಅಳಿಸಿ ಇನ್ನೊಮ್ಮೆ ಮಾಡಿ. ಮಾದರಿಗೆ ಒಂದು ತುಣುಕು, ಹೆಸರು ಊರು ನಿಮ್ಮದು ಹಾಕಿಕೊಳ್ಳಿ:

“ಎದುರಿನ ಗೋಡೆಯ ಮೇಲೆ ಒಂದು ಚುಕ್ಕಿ ನೋಡುತ್ತಾ ಇರು. ರೆಪ್ಪೆ ಭಾರವಾದಾಗ ಮುಚ್ಚಿಕೊಳ್ಳಲಿ. ಹಲ್ಲಿಗೆ ಹಲ್ಲು ತಾಗದಿರಲಿ. ಭುಜ ಕೆಳಗೆ. ಈಗ ಮನೆಯ ಹಿಂದಿನ ಹತ್ತು ಮೆಟ್ಟಿಲು, ತೋಟಕ್ಕೆ ಇಳಿಯುವುದು. ಮಳೆ ಬಿಟ್ಟು ಸ್ವಲ್ಪ ಹೊತ್ತಾಗಿದೆ. ಹತ್ತು. ಕಾಲಡಿ ಕಲ್ಲು ತಣ್ಣಗಿದೆ. ಒಂಬತ್ತು. ಕಾಫಿ ಹೂವಿನ ವಾಸನೆ ಬರ್ತಾ ಇದೆ. ಎಂಟು. ಸಿಲ್ವರ್ ಓಕಿನ ಮೇಲಿಂದ ಒಂದೊಂದೇ ಹನಿ ಬೀಳ್ತಾ ಇದೆ. ಏಳು. ಕೈ ಭಾರ, ಕಾಲು ಭಾರ. ಆರು. ಮಗು ನಿನ್ನ ಜೊತೆಗೇ ಇಳೀತಾ ಇದೆ…”

ಒಂದಕ್ಕೆ ತಲುಪಿದ ಮೇಲೆ ಸೂಚನೆಯ ವಾಕ್ಯಗಳು. ನಾಲ್ಕೈದೇ ಇರಲಿ, ಪ್ರತಿಯೊಂದನ್ನೂ ಮೂರು ಸಲ ಹೇಳಿ:

ಬೇನೆ ಶುರುವಾದಾಗ ನನ್ನ ಭುಜ ತಾನಾಗಿ ಇಳಿಯುತ್ತದೆ.
ಪ್ರತಿ ಬೇನೆಗೂ ಆರು ಉಸಿರು, ಆಮೇಲೆ ವಿಶ್ರಾಂತಿ.
ಯಾವ ಸದ್ದು ಕೇಳಿದರೂ ನನ್ನ ಉಸಿರು ಇನ್ನೂ ಉದ್ದವಾಗುತ್ತದೆ.
ವೈದ್ಯರು ಏನು ನಿರ್ಧರಿಸಿದರೂ ನನ್ನ ಉಸಿರು ನನ್ನ ಕೈಯಲ್ಲಿದೆ.

“ನನಗೆ ನೋವಾಗುವುದಿಲ್ಲ”, “ಭಯ ಇಲ್ಲ” ಎಂಬಂಥ ವಾಕ್ಯ ಸೇರಿಸಬೇಡಿ. ಆ ಪದ ಕಿವಿಗೆ ಬಿದ್ದೊಡನೆ ಮನಸ್ಸು ಅಲ್ಲಿಗೇ ಹೋಗುತ್ತದೆ. ಅಲ್ಲದೆ ಮೊದಲ ಗಟ್ಟಿ ಬೇನೆಗೇ ಅದು ಸುಳ್ಳು ಎಂದು ಗೊತ್ತಾಗಿ ಉಳಿದ ವಾಕ್ಯಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ನಾಲ್ಕನೇ ವಾಕ್ಯವನ್ನು ಮಾತ್ರ ಬಿಡಬೇಡಿ. ಸಿಸೇರಿಯನ್ ಆದರೆ ಸೋತೆ ಅನ್ನಿಸದಿರುವುದು ಅದರಿಂದಲೇ.

ಕೊನೆಗೆ ಒಂದರಿಂದ ಐದು ಎಣಿಸಿ ಹೊರಗೆ ಬರಬೇಕು, ಐದಕ್ಕೆ ಕಣ್ಣು ಬಿಡಬೇಕು, ಎರಡು ನಿಮಿಷ ಕೂತು ಏಳಬೇಕು. ರಾತ್ರಿ ಕೇಳುತ್ತಾ ನಿದ್ದೆ ಬಂದರೆ ಬರಲಿ, ಎಂಟನೇ ತಿಂಗಳಲ್ಲಿ ನಿದ್ದೆ ಸಿಕ್ಕಿದ್ದೇ ಲಾಭ. ಆದರೆ ಪ್ರತಿ ದಿನವೂ ನಿದ್ದೆ ಹೋದರೆ ಅಭ್ಯಾಸ ಆಗುವುದಿಲ್ಲ, ಹಗಲಿನಲ್ಲಿ ಕೂತು ಇನ್ನೊಮ್ಮೆ ಕೇಳಿ. ಸ್ಕೂಟರ್, ಕಾರು ಓಡಿಸುವಾಗ ಹಾಕಿಕೊಳ್ಳಲೇಬೇಡಿ. ಆಟಿ, ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಕರೆಂಟು, ನೆಟ್‌ವರ್ಕು ಎರಡೂ ಹೋಗುವ ಊರುಗಳಲ್ಲಿ ಫೈಲು ಫೋನಿನೊಳಗೇ ಇರಬೇಕು, ಪವರ್‌ಬ್ಯಾಂಕ್ ಆಸ್ಪತ್ರೆಯ ಬ್ಯಾಗಿನಲ್ಲಿರಬೇಕು.

ಗುರುತು ಮತ್ತು ಮರಗಟ್ಟಿದ ಕೈ

ರೆಕಾರ್ಡಿಂಗಿನಲ್ಲಿ ಅತ್ಯಂತ ಸಡಿಲವಾಗಿರುವ ಹೊತ್ತಿಗೆ ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಒತ್ತಿ, ಮನಸ್ಸಿನಲ್ಲಿ ಒಂದು ಪದ ಹೇಳಿ. “ಇಳಿ” ಸಾಕು. ದಿನವೂ ಅದೇ ಬೆರಳು, ಅದೇ ಪದ. ಮೂರು ನಾಲ್ಕು ವಾರದಲ್ಲಿ ಬೆರಳು ಸೇರಿಸಿದೊಡನೆ ಭುಜ ಇಳಿಯತೊಡಗುತ್ತದೆ. ಲೇಬರ್ ವಾರ್ಡಿನಲ್ಲಿ ಹದಿನೈದು ನಿಮಿಷದ ರೆಕಾರ್ಡಿಂಗಿಗೆ ಸಮಯವಿಲ್ಲ, ಎರಡು ಸೆಕೆಂಡಿನ ಗುರುತೇ ಕೆಲಸಕ್ಕೆ ಬರುವುದು.

ಇನ್ನೊಂದು, ಕೈಯನ್ನು ತೋಡಿನ ತಣ್ಣೀರಿನಲ್ಲಿ ಅದ್ದಿದಂತೆ ಕಲ್ಪಿಸಿ, ಬೆರಳಿಂದ ಮಣಿಕಟ್ಟಿನವರೆಗೆ ಮರಗಟ್ಟಿಸಿ, ಆ ಕೈಯನ್ನು ಸೊಂಟದ ಮೇಲೆ ಇಟ್ಟು ಮರಗಟ್ಟಿದ ಭಾವವನ್ನು ಅಲ್ಲಿಗೆ ಹರಿಸುವುದು. ಕೆಲವರಿಗೆ ಇದು ಚೆನ್ನಾಗಿ ಬರುತ್ತದೆ, ಹಲವರಿಗೆ ಬರುವುದೇ ಇಲ್ಲ. ಎರಡು ವಾರದಲ್ಲಿ ಬರದಿದ್ದರೆ ಬಿಟ್ಟು ಉಸಿರಿನ ಮೇಲೆ ಸಮಯ ಹಾಕಿ.

35ನೇ ವಾರದಿಂದ: ಗದ್ದಲದಲ್ಲಿ

ಇಲ್ಲಿಂದ ಮುಂದೆ ರೆಕಾರ್ಡಿಂಗನ್ನು ಟಿವಿ ಹಾಕಿದ ಕೋಣೆಯಲ್ಲಿ ಕೇಳಿ, ಲೈಟು ಹಾಕಿಕೊಂಡು ಕೇಳಿ, ಗೋಡೆಗೆ ಒರಗಿ ನಿಂತು, ಮಂಚದ ಮೇಲೆ ಕೈಯೂರಿ ಬಗ್ಗಿ ಕೇಳಿ. ತಪಾಸಣೆಗೆ ಹೋಗುವ ಬಸ್ಸು ಒಳ್ಳೆಯ ಜಾಗ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದಲ್ಲ, ಆ ದಿನದ ಪ್ರಯಾಣ, ಸಾಲಿನಲ್ಲಿ ಕಾಯುವುದು, ಎರಡೂ ಅಭ್ಯಾಸವೇ. ತಿರುವಿನಲ್ಲಿ ಕಣ್ಣು ಮುಚ್ಚಿದರೆ ವಾಂತಿ ಬರುತ್ತದೆ. ಆಗ ಕಣ್ಣು ಬಿಟ್ಟೇ, ದೂರದ ಒಂದು ಬಿಂದುವಿನ ಮೇಲೆ ದೃಷ್ಟಿ ಇಟ್ಟು, ನಾಲ್ಕು ಆರು ಎಣಿಸಿ. ಕಣ್ಣು ಬಿಟ್ಟುಕೊಂಡು ಮಾಡಲು ಬರದಿದ್ದರೆ ಹೆರಿಗೆಯ ದಿನದ ಅರ್ಧಕ್ಕೆ ನೀವು ತಯಾರಿಲ್ಲ.

ಬೇನೆಯ ಬದಲಿಗೆ ಐಸ್ ಬಳಸಿ. ಒಂದು ತುಂಡನ್ನು ಅಂಗೈಯಲ್ಲಿ 60 ಸೆಕೆಂಡು ಹಿಡಿಯಿರಿ, ಗಡಿಯಾರ ನೋಡುತ್ತಾ, ಸುಮ್ಮನೆ. ಒಂದು ನಿಮಿಷ ಬಿಡುವು. ಇನ್ನೊಂದು ಕೈಯಲ್ಲಿ ಆರು ಉಸಿರಿನ ಜೊತೆ ಹಿಡಿಯಿರಿ. ಚಳಿ ಅಷ್ಟೇ ಇರುತ್ತದೆ, ಹಲ್ಲು ಕಚ್ಚುವುದು ಮಾತ್ರ ನಿಂತಿರುತ್ತದೆ. ಒಂದು ನಿಮಿಷ ಮೀರಿಸಬೇಡಿ. ಬಸುರಿನಲ್ಲಿ ಕೈ ಜೋಮು ಹಿಡಿಯುವವರು ಇದನ್ನು ಬಿಡಿ.

ಜೊತೆಗಿರುವವರಿಗೆ ಕಲಿಸುವುದು

ವಿಡಿಯೊಗಳು ಗಂಡನಿಗೆ ಕಲಿಸಿ ಎನ್ನುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವಾಗ ಜೊತೆಗೊಬ್ಬರು ಇರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಆದರೆ ಅದು ಹೆತ್ತ ಅನುಭವವಿರುವ ಹೆಂಗಸಾಗಿರಬೇಕು. ಬೇರೆ ಹೆಂಗಸರಿಗೆ ಮರೆಯ ವ್ಯವಸ್ಥೆ ಇದ್ದಲ್ಲಿ ಮಾತ್ರ ಗಂಡ ಇರಬಹುದು. ಆದ್ದರಿಂದ ಅಮ್ಮ, ಅಕ್ಕ, ಅತ್ತಿಗೆ ಇವರಲ್ಲಿ ಒಬ್ಬರಿಗೂ ಕಲಿಸಿಡಿ. ಆಸ್ಪತ್ರೆಯಲ್ಲಿ ಯಾರನ್ನು ಬಿಡುತ್ತಾರೆ ಎಂದು ಒಂಬತ್ತನೇ ತಿಂಗಳ ತಪಾಸಣೆಯಲ್ಲೇ ಕೇಳಿ.

ಅವರ ಕೆಲಸ ಮೂರೇ. ಬೇನೆ ಏರುವಾಗ ಮೆಲುದನಿಯಲ್ಲಿ “ಭುಜ… ದವಡೆ… ಉಸಿರು ಹೊರಗೆ” ಅನ್ನುವುದು. ಸೊಂಟದ ಕೆಳಗಿನ ಚಪ್ಪಟೆ ಮೂಳೆಯನ್ನು ಅಂಗೈಯ ಬುಡದಿಂದ ಬೇನೆ ಇಳಿಯುವವರೆಗೆ ಒತ್ತಿ ಹಿಡಿಯುವುದು. ಎರಡು ಬೇನೆಯ ನಡುವೆ ಒಂದು ಗುಟುಕು ನೀರು ಕೊಟ್ಟು ಸುಮ್ಮನಿರುವುದು. ಕಷ್ಟದ್ದು ಮೂರನೆಯದು. “ನಮ್ಮ ಕಾಲದಲ್ಲಿ…” ಎಂದು ಶುರುಮಾಡುವವರನ್ನು ಎಷ್ಟೇ ಪ್ರೀತಿಯವರಾದರೂ ಹೊರಗೆ ಕೂರಿಸಿ.

ಆ ದಿನ

ಮೊದಲ ಹಂತದ ಆರಂಭ, ಅಂದರೆ ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆಯುವವರೆಗಿನ ಭಾಗ, ಎಷ್ಟು ಹೊತ್ತಾದರೂ ಎಳೆಯಬಹುದು. ಚೊಚ್ಚಲಿನವರು ಮೊದಲ ನೋವಿಗೇ ಕಣ್ಣು ಮುಚ್ಚಿ ಅಭ್ಯಾಸ ಶುರುಮಾಡಿ ರಾತ್ರಿಯೆಲ್ಲ ಎಣಿಸಿ ಸುಸ್ತಾಗುವುದು ಸಾಮಾನ್ಯ. ಮಾತಾಡುತ್ತಾ ಬೇನೆ ಕಳೆಯುವಷ್ಟಿದ್ದರೆ ಓಡಾಡಿ, ಗಂಜಿ ಕುಡಿಯಿರಿ, ಹಂಡೆಯ ಬಿಸಿನೀರು ಸೊಂಟಕ್ಕೆ ಹೊಯ್ದುಕೊಳ್ಳಿ, ಮಲಗಿ. ಮಾತು ಅರ್ಧಕ್ಕೆ ನಿಲ್ಲತೊಡಗಿದಾಗ ಉಸಿರಿನ ಲೆಕ್ಕ ಶುರುವಾಗಲಿ.

ಹೊರಡುವುದು ಯಾವಾಗ? ಐದು ನಿಮಿಷಕ್ಕೊಂದು ಬೇನೆ, ಒಂದೊಂದು ಒಂದು ನಿಮಿಷ, ಒಂದು ಗಂಟೆಯಿಂದ ಹಾಗೆಯೇ ಎಂಬುದು ಪಟ್ಟಣದವರ ಲೆಕ್ಕ. ಕರಿಕೆ, ಬಿರುನಾಣಿ, ಭಾಗಮಂಡಲದ ಆಚೆಯವರು ಬೇನೆ ಕ್ರಮವಾಗಿ ಬರತೊಡಗಿದೊಡನೆ ಹೊರಡಬೇಕು. ಎರಡನೇ ಹೆರಿಗೆಯವರು ಎಲ್ಲೇ ಇರಲಿ, ಬೇಗ. ಮಳೆಗಾಲದ ಹೆರಿಗೆಗೆ ಮರ ಬಿದ್ದು, ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಕುಸಿದು ದಾರಿ ಮುಚ್ಚುವ ಊರಿನವರು ದಿನ ತುಂಬುವ ಎರಡು ಮೂರು ವಾರ ಮುಂಚೆಯೇ ಪೇಟೆಯ ನೆಂಟರ ಮನೆಗೆ ಬಂದಿರುವುದು ವಾಸಿ. ಸಿದ್ದಾಪುರ, ತಿತಿಮತಿ ಕಡೆ ಸಂಜೆ ಸೂಚನೆ ಕಂಡರೆ ಆನೆ ದಾರಿಗಿಳಿಯುವ ಮೊದಲೇ ಹೊರಡಿ. 108ಕ್ಕೆ ಕರೆ, ಆಶಾ ಕಾರ್ಯಕರ್ತೆಗೆ ಕರೆ, ತಾಯಿ ಕಾರ್ಡು ಕೈಯಲ್ಲಿ.

ಸಡಿಲವಾಗಿರುವುದು ಎಂದರೆ ಕಾಯುವುದು ಅಲ್ಲ. ರಕ್ತ ಹೋದರೆ, ನೀರು ಒಡೆದರೆ (ಹಸಿರು, ಕಂದು ಬಣ್ಣವಿದ್ದರಂತೂ ತಕ್ಷಣ), ಮಗುವಿನ ಚಲನೆ ಕಡಿಮೆಯಾದರೆ, ತೀವ್ರ ತಲೆನೋವು, ಕಣ್ಣು ಮಂಜು, ಮುಖ ಊತ, ಜ್ವರ, ಫಿಟ್ಸ್ ಕಂಡರೆ, 37 ವಾರಕ್ಕೆ ಮೊದಲೇ ಬೇನೆ ಬಂದರೆ ಉಸಿರು ಎಣಿಸುತ್ತಾ ಮನೆಯಲ್ಲಿ ಕೂರುವಂತಿಲ್ಲ.

ವಾರ್ಡಿನಲ್ಲಿ ಚೆನ್ನಾಗಿ ಅಭ್ಯಾಸ ಮಾಡಿದವರಿಗೇ ಬರುವ ತೊಂದರೆ ಒಂದಿದೆ. ಕೂಗದೆ ಮಲಗಿರುವವರನ್ನು ನೋಡಿ ಇವರಿಗೆ ಇನ್ನೂ ಸಮಯವಿದೆ ಎಂದು ತಿಳಿಯುವುದು ಸಹಜ. ಎಂಟು ಸೆಂಟಿಮೀಟರ್ ತೆರೆದವರೂ ನಿದ್ದೆಯಲ್ಲಿದ್ದಂತೆ ಕಾಣಬಹುದು. ಹಾಗಾಗಿ ಹೋದೊಡನೆ ಹೇಳಿ: “ಸಿಸ್ಟರ್, ನಾನು ಉಸಿರಿನ ಅಭ್ಯಾಸ ಮಾಡಿದ್ದೇನೆ, ಸುಮ್ಮನಿದ್ದರೂ ನೋವು ಜೋರಿದೆ. ಮೂರು ನಿಮಿಷಕ್ಕೊಂದು ಬರ್ತಾ ಇದೆ.” ಮುಖಭಾವಕ್ಕಿಂತ ನಿಮಿಷದ ಲೆಕ್ಕವನ್ನು ಯಾರೂ ತಳ್ಳಿಹಾಕುವುದಿಲ್ಲ. ಕೆಳಗೆ ಒತ್ತಡ, ಮಲಕ್ಕೆ ಹೋಗಬೇಕು ಅನ್ನಿಸಿದರೆ ತಡಮಾಡದೆ ಗಟ್ಟಿಯಾಗಿ ಕರೆಯಿರಿ.

ಒಳಪರೀಕ್ಷೆಯ ಹೊತ್ತಿಗೆ ಬೆರಳಿನ ಗುರುತು, ಉದ್ದ ನಿಶ್ವಾಸ, ಪೃಷ್ಠ ಮಂಚಕ್ಕೆ ಭಾರ ಬಿಟ್ಟಂತೆ. ನಿಶ್ವಾಸ ಶುರುವಾದ ಮೇಲೆ ಮಾಡಿ ಎಂದು ಕೇಳಿಕೊಳ್ಳಬಹುದು. ಟ್ಯೂಬ್‌ಲೈಟಿಗೆ ಒಂದು ಬಿಳಿ ಪಂಚೆಯ ತುಂಡು ಕಣ್ಣಿನ ಮೇಲೆ ಸಾಕು. ಇಯರ್‌ಫೋನ್ ಹಾಕುವುದಾದರೆ ಒಂದೇ ಕಿವಿಗೆ, ಇನ್ನೊಂದು ಸಿಸ್ಟರ್ ಮಾತಿಗೆ. ಡ್ರಿಪ್ ಹಾಕಿ ಬೇನೆ ಬರಿಸುವಾಗ ನಡುವಿನ ಬಿಡುವು ಚಿಕ್ಕದಾಗಬಹುದು. ಆಗ ಮೆಟ್ಟಿಲು, ತೋಟ ಎಲ್ಲ ಬಿಟ್ಟು ನಿಶ್ವಾಸ ಒಂದನ್ನೇ ಹಿಡಿಯಿರಿ. ನೋವಿನ ಇಂಜೆಕ್ಷನ್ ಅಥವಾ ಎಪಿಡ್ಯೂರಲ್ ಬೇಕು ಅನ್ನಿಸಿದರೆ ಕೇಳಿ, ಅದರ ಜೊತೆಗೂ ಈ ಉಸಿರು ನಡೆಯುತ್ತದೆ.

ಎಂಟರಿಂದ ಹತ್ತು ಸೆಂಟಿಮೀಟರಿನ ನಡುವೆ ಮೈ ನಡುಗಬಹುದು, ವಾಂತಿ ಬರಬಹುದು, “ನನ್ನಿಂದಾಗಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂಬ ಮಾತು ಬರಬಹುದು. ಇಲ್ಲಿ ಎಲ್ಲ ಅಭ್ಯಾಸವೂ ಕೈಬಿಟ್ಟಂತೆ ಅನ್ನಿಸುತ್ತದೆ. ಜೊತೆಗಿರುವವರು ಮುಖದ ಹತ್ತಿರ ಮುಖ ತಂದು, ಕಣ್ಣಿಗೆ ಕಣ್ಣಿಟ್ಟು, ತಾವೇ ಕೇಳುವಂತೆ ಉಸಿರು ಬಿಡಬೇಕು, ವಾಕ್ಯ ಬೇಡ. ಕೂಗು ಬಂದರೆ ತಗ್ಗಿದ ದನಿಯ “ಹೂಂ” ಎಂದು ಉದ್ದವಾಗಿ ಬಿಡಿ. ಕೀರಲು ದನಿಗೆ ಗಂಟಲು, ದವಡೆ, ಭುಜ ಒಟ್ಟಿಗೇ ಬಿಗಿಯುತ್ತವೆ.

ಮುಕ್ಕುವ ಹೊತ್ತಿಗೆ ಸಮ್ಮೋಹನ ಮುಗಿಯಿತು, ಇದು ದುಡಿಮೆ. ಬೇನೆಯ ಜೊತೆ ಒತ್ತಡ ತಾನಾಗಿ ಬಂದಾಗ ಮುಕ್ಕಿ, ಇಳಿದಾಗ ಪೂರ್ತಿ ಸಡಿಲ. ತಲೆ ಕಾಣುವಾಗ ಸಿಸ್ಟರ್ “ಮುಕ್ಕಬೇಡಮ್ಮ” ಎಂದರೆ ಬಾಯಿ ತೆರೆದು ಚಿಕ್ಕ ಚಿಕ್ಕ ಉಸಿರು ಬಿಡಬೇಕು, ಅದರಿಂದ ಕೆಳಗಿನ ಚರ್ಮ ಹರಿದುಹೋಗುವುದು ಕಡಿಮೆಯಾಗಬಹುದು.

ಸಿಸೇರಿಯನ್ ಆದರೆ ಬೆನ್ನಿಗೆ ಸೂಜಿ ಹಾಕುವಾಗ ಗಲ್ಲ ಎದೆಗೆ, ಭುಜ ಕೆಳಗೆ, ಉದ್ದ ನಿಶ್ವಾಸ, ಅಲುಗಾಡದೆ. ಆಪರೇಷನ್ನಿನಲ್ಲಿ ಎಳೆದಂತೆ ಅನ್ನಿಸುವಾಗ ಬೆರಳಿನ ಗುರುತು. ಸಹಜ ಹೆರಿಗೆಯಾಗಿ ಕೆಳಗೆ ಹೊಲಿಗೆ ಹಾಕುವ ಹೊತ್ತಿಗೆ ಮರಗಟ್ಟಿಸುವ ಇಂಜೆಕ್ಷನ್ ಕೇಳಿ ಪಡೆಯಿರಿ. ಉಸಿರು ಅದರ ಬದಲಿಗಲ್ಲ. ಎರಡನೇ ಮಗುವಿನವರಿಗೆ ಹಾಲೂಡುವಾಗ ಹೊಟ್ಟೆ ಹಿಂಡಿದಂತೆ ಬರುವ ನೋವು ಚೊಚ್ಚಲಿಗಿಂತ ಜೋರು. ಮಗುವನ್ನು ಮೊಲೆಗೆ ಹಾಕುವ ಮೊದಲು ಭುಜ ಇಳಿಸಿ ಒಂದು ಸುತ್ತು ಆರು ಉಸಿರು ಎಣಿಸಿ, ಮೊದಲ ಎರಡು ಮೂರು ದಿನ ಪ್ರತಿ ಹಾಲಿಗೂ ಅಷ್ಟು ಮಾಡಿ.